ಕಾಂಟಾದ ಮೇಲಿನ ಮುದ್ರೆ: ಗಡಿನಾಡಿನ ಕುಟುಂಬಗಳು ತಿಳಿದಿರಬೇಕಾದ ತೂಕದ ಕಾನೂನು

ದೀಪಾವಳಿಯ ಆಸುಪಾಸಿನಲ್ಲಿ ಉದಗೀರ, ನಿಲಂಗಾ, ಉಮರ್ಗಾದ ಮೊಂಢಾಗಳಿಗೆ ಸೋಯಾಬೀನ್ ಚೀಲಗಳು ಬರತೊಡಗುತ್ತವೆ. ಅದಾದ ಮೇಲೆ ತೊಗರಿ, ಬಳಿಕ ಕಡಲೆ ಮತ್ತು ಜೋಳ. ಜೂನ್ ತಿಂಗಳಲ್ಲಿ ಬಿತ್ತಿ, ಮಳೆಯನ್ನು ಕಾದು, ಕಳೆ ತೆಗೆದು, ರಾಶಿ ಮಾಡಿ ತಂದ ಒಂದು ಹಂಗಾಮಿನ ದುಡಿಮೆ ಕಾಂಟಾದ ಮೇಲೆ ನಿಲ್ಲುವುದು ಚೀಲಕ್ಕೆ ಅರ್ಧ ನಿಮಿಷ ಮಾತ್ರ. ತೋಲಾರನು ಅಂಕಿಯನ್ನು ಕೂಗುತ್ತಾನೆ, ಗುಮಾಸ್ತನು ಬರೆದುಕೊಳ್ಳುತ್ತಾನೆ, ಹಮಾಲನು ಚೀಲವನ್ನು ಇಳಿಸುತ್ತಾನೆ. ಮಕ್ಕಳ ಶಾಲೆಯ ಖರ್ಚು, ಸಾಲದ ಕಂತು, ಮನೆಯ ಮದುವೆ ಎಲ್ಲವೂ ಆ ಅಂಕಿಯಿಂದಲೇ ಲೆಕ್ಕಕ್ಕೆ ಬರುತ್ತವೆ.

ದರದ ವಿಷಯದಲ್ಲಿ ರೈತನು ಚೌಕಾಸಿ ಮಾಡುತ್ತಾನೆ. ಮೂರು ಅಡತಗಳಲ್ಲಿ ವಿಚಾರಿಸುತ್ತಾನೆ. ತೂಕದ ವಿಷಯದಲ್ಲಿ ಮಾತ್ರ ಯಂತ್ರ ತೋರಿಸಿದ್ದೇ ಸತ್ಯವೆಂದು ಒಪ್ಪಿಕೊಂಡು ಬಿಡುತ್ತಾನೆ. ಆದರೆ ಯಂತ್ರದ ಮಾತಿಗೆ ಕಾನೂನು ತಾನಾಗಿಯೇ ಬೆಲೆ ಕೊಡುವುದಿಲ್ಲ. ಸರ್ಕಾರದ ಅಧಿಕಾರಿಯೊಬ್ಬನು ಅದನ್ನು ಪರೀಕ್ಷಿಸಿ, ಮುದ್ರೆ ಒತ್ತಿ, ಪ್ರಮಾಣಪತ್ರ ಕೊಟ್ಟಿರಬೇಕು. ಆ ಮುದ್ರೆಯ ಅವಧಿ ಮುಗಿದಿರಬಾರದು. ಮುದ್ರೆಯಾದ ಬಳಿಕ ಯಾರೂ ಯಂತ್ರವನ್ನು ಬಿಚ್ಚಿರಬಾರದು. ಈ ಮೂರನ್ನೂ ನೋಡಿ ತಿಳಿಯುವುದು ಯಾವ ಗ್ರಾಹಕನಿಗೂ ರೈತನಿಗೂ ಸಾಧ್ಯ.

ಎರಡು ಬದಲಾವಣೆಗಳ ವರ್ಷ

ಅಳತೆಯ ವ್ಯವಸ್ಥೆ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ದೇವಾಲಯದ ದೀಪಕ್ಕೆ ಬಿಟ್ಟ ಎಣ್ಣೆಯನ್ನು ಸೊಲ್ಲಗೆ, ಮಾನಗಳಲ್ಲಿಯೂ ಧಾನ್ಯವನ್ನು ಕೊಳಗ, ಖಂಡುಗಗಳಲ್ಲಿಯೂ ಹೇಳಲಾಗಿದೆ. ನಿಜಾಮರ ಆಳ್ವಿಕೆಯಲ್ಲಿ ಸೇರು, ಪಾವು, ಚಟಾಕು, ಮಣ, ಪಲ್ಲಾಗಳು ಬಳಕೆಯಲ್ಲಿದ್ದವು. ಎಂಬತ್ತು ತೊಲೆಗೆ ಒಂದು ಸೇರು, ನಲವತ್ತು ಸೇರಿಗೆ ಒಂದು ಮಣ ಎಂಬ ಲೆಕ್ಕ ಕಾಗದದ ಮೇಲಿದ್ದರೂ ಒಂದು ಪೇಟೆಯ ಸೇರು ಮತ್ತೊಂದು ಪೇಟೆಯ ಸೇರಿಗೆ ಸರಿಹೊಂದುತ್ತಿರಲಿಲ್ಲ. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಎಂಬ ದೂರು ಹಿರಿಯರ ಬಾಯಲ್ಲಿ ಇಂದಿಗೂ ಕೇಳಿಬರುತ್ತದೆ.

1956ರಲ್ಲಿ ಇಲ್ಲಿಯ ಜನರ ಪಾಲಿಗೆ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಆ ವರ್ಷದ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಕಾಯ್ದೆಯಂತೆ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರದ ಉಳಿದ ಭಾಗದ ಬಹುಪಾಲು ಮೈಸೂರು ರಾಜ್ಯಕ್ಕೆ ಹೋಯಿತು. ಉಸ್ಮಾನಾಬಾದ ಜಿಲ್ಲೆಯಲ್ಲಿದ್ದ ಉಮರ್ಗಾ ಆ ಜಿಲ್ಲೆಯೊಡನೆಯೇ ಮುಂಬಯಿ ರಾಜ್ಯಕ್ಕೆ ಸೇರಿತು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಸಂಸತ್ತಿನ ತೂಕ ಮತ್ತು ಅಳತೆಗಳ ಮಾನದಂಡ ಕಾಯ್ದೆಗೆ ಅಂಕಿತ ಬಿದ್ದಿತು. 1958ರ ಅಕ್ಟೋಬರ್ 1ರಿಂದ ಆಯ್ದ ಪ್ರದೇಶಗಳಲ್ಲಿ ಕಿಲೋಗ್ರಾಂ ಬಳಕೆ ಆರಂಭವಾಗಿ, 1962ರ ಏಪ್ರಿಲ್ ವೇಳೆಗೆ ದೇಶವೆಲ್ಲಕ್ಕೂ ಹಬ್ಬಿತು. ಹೀಗೆ ಒಂದೇ ಭಾಷೆಯಾಡುವ ಬಂಧುಗಳ ನಡುವೆ ರಾಜ್ಯದ ಗಡಿ ಬಂದ ಕಾಲದಲ್ಲಿಯೇ, ಆ ಗಡಿಯ ಎರಡೂ ಕಡೆಗೆ ಒಂದೇ ತೂಕ ಬಂದಿತು.

ಇಂದು ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. 2011ರ ಏಪ್ರಿಲ್ 1ರಿಂದ ಅದು ಅನ್ವಯವಾಗಿದೆ. ಅದು ಕೇಂದ್ರದ ಕಾಯ್ದೆಯಾದ್ದರಿಂದ ಭಾಲ್ಕಿಗೂ ಉದಗೀರಕ್ಕೂ, ಬಸವಕಲ್ಯಾಣಕ್ಕೂ ಉಮರ್ಗಾಕ್ಕೂ ಕಲಮುಗಳು ಒಂದೇ. ಜಾರಿಗೊಳಿಸುವ ಇಲಾಖೆ ಮಾತ್ರ ಆಯಾ ರಾಜ್ಯದ್ದು. ಕರ್ನಾಟಕದಲ್ಲಿ ಅದರ ಫಲಕ ‘ಕಾನೂನು ಮಾಪನಶಾಸ್ತ್ರ’ ಎಂದಿದ್ದರೆ ಮಹಾರಾಷ್ಟ್ರದಲ್ಲಿ ‘ವೈಧ ಮಾಪನ ಶಾಸ್ತ್ರ’ ಎಂದಿರುತ್ತದೆ. ಹೆಸರು ಬೇರೆಯಾದರೂ ಕೆಲಸ ಒಂದೇ ಎಂಬುದನ್ನು ಗಡಿನಾಡಿನವರು ನೆನಪಿಟ್ಟುಕೊಳ್ಳಬೇಕು.

ಅಂಗಡಿಯ ಬಟ್ಟಿಗೆ ದಿಲ್ಲಿಯ ನಂಟು

ಅಂಗಡಿಯಲ್ಲಿರುವ ಒಂದು ಕಿಲೋ ಬಟ್ಟು ನಿಜವಾಗಿ ಒಂದು ಕಿಲೋ ಎಂದು ಹೇಳುವುದು ಹೇಗೆ? ಅದಕ್ಕಿಂತ ನಂಬಿಕೆಯ ಇನ್ನೊಂದು ಬಟ್ಟಿನೊಡನೆ ಹೋಲಿಸಿ. ಆ ಬಟ್ಟನ್ನು ಅದಕ್ಕೂ ನಂಬಿಕೆಯ ಮತ್ತೊಂದರೊಡನೆ ಹೋಲಿಸಿರಬೇಕು. ನಿರೀಕ್ಷಕರ ಬಳಿ ಇರುವುದು ಕಾರ್ಯನಿರತ ಮಾನಕ. ಅದನ್ನು ರಾಜ್ಯದ ಪ್ರಯೋಗಾಲಯದ ದ್ವಿತೀಯ ಮಾನಕದೊಡನೆ, ದ್ವಿತೀಯ ಮಾನಕವನ್ನು ಅಹಮದಾಬಾದು, ಬೆಂಗಳೂರು ಮೊದಲಾದೆಡೆ ಇರುವ ಪ್ರಾದೇಶಿಕ ಪ್ರಯೋಗಾಲಯಗಳ ಉಲ್ಲೇಖ ಮಾನಕದೊಡನೆ ಸರಿನೋಡುತ್ತಾರೆ. ಈ ಸರಪಳಿಯ ತುದಿಯಲ್ಲಿರುವುದು ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಪ್ಲಾಟಿನಂ ಮತ್ತು ಇರಿಡಿಯಂ ಲೋಹಗಳಿಂದ ಮಾಡಿದ ಭಾರತದ ಕಿಲೋಗ್ರಾಂ, ಸಂಖ್ಯೆ 57, ಇರುವುದು ಅಲ್ಲಿಯೇ. 2019ರ ಮೇ 20ರಿಂದ ಜಗತ್ತಿನಲ್ಲಿ ಕಿಲೋಗ್ರಾಮನ್ನು ಲೋಹದ ತುಂಡಿನ ಬದಲು ಪ್ಲಾಂಕ್ ಸ್ಥಿರಾಂಕದ ಮೂಲಕ ನಿರೂಪಿಸಲಾಗುತ್ತಿದ್ದರೂ ಅಂಗಡಿಯ ಬಟ್ಟಿನ ಮಟ್ಟಿಗೆ ವ್ಯತ್ಯಾಸವೇನೂ ಆಗಿಲ್ಲ.

ಈ ಸರಪಳಿಯ ಕೊನೆಯ ಕೊಂಡಿಯೇ ಅಂಗಡಿಯ ಮುದ್ರೆ. ಅದು ಕಡಿದರೆ ದಿಲ್ಲಿಯ ಕಿಲೋಗ್ರಾಮಿಗೂ ನಿಲಂಗಾದ ಜೋಳಕ್ಕೂ ಸಂಬಂಧ ಉಳಿಯುವುದಿಲ್ಲ.

ಕೂರಿಸುವುದೂ ಒಂದು ಕೆಲಸ

ಇಂದು ಹೆಚ್ಚಿನ ಅಂಗಡಿಗಳಲ್ಲಿರುವುದು ಇಲೆಕ್ಟ್ರಾನಿಕ್ ಕಾಂಟಾ. ಅದರ ತಟ್ಟೆಯ ಕೆಳಗೆ ಲೋಡ್‌ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳುವಾದ ತಂತಿಪಟ್ಟಿಗಳ ವಿದ್ಯುತ್ ರೋಧ ಆಗ ಬದಲಾಗುತ್ತದೆ. ಆ ಬದಲಾವಣೆಯನ್ನು ಯಂತ್ರವು ಅಂಕಿಯಾಗಿ ತೋರಿಸುತ್ತದೆ. ಎರಡು ತಟ್ಟೆಯ ತಕ್ಕಡಿ ಬಟ್ಟಿನೊಡನೆ ಸರಕನ್ನು ಹೋಲಿಸಿದರೆ, ಇಲೆಕ್ಟ್ರಾನಿಕ್ ಕಾಂಟಾ ಭೂಮಿ ಸರಕನ್ನು ಎಳೆಯುವ ಬಲವನ್ನು ಅಳೆಯುತ್ತದೆ.

ಈ ವ್ಯತ್ಯಾಸದಿಂದ ಒಂದು ಮುಖ್ಯ ಪರಿಣಾಮವಿದೆ. ಭೂಮಿಯ ಸೆಳೆತ ಎಲ್ಲೆಡೆ ಒಂದೇ ಸಮನಾಗಿಲ್ಲ. ದಿಲ್ಲಿಗಿಂತ ದಕ್ಷಿಣದಲ್ಲಿಯೂ ಎತ್ತರದಲ್ಲಿಯೂ ಇರುವ ಉದಗೀರದಲ್ಲಿ ಅದು ತುಸು ಕಡಿಮೆ. ದಿಲ್ಲಿಯಲ್ಲಿ ಸರಿಹೊಂದಿಸಿದ ಕಾಂಟಾವನ್ನು ಇಲ್ಲಿಗೆ ತಂದು ಹಾಗೆಯೇ ಬಳಸಿದರೆ 50 ಕಿಲೋ ಚೀಲದಲ್ಲಿ ಸುಮಾರು 40 ಗ್ರಾಂ ಕಡಿಮೆ ತೋರಿಸಬಹುದು. ಆದ್ದರಿಂದ ಪೆಟ್ಟಿಗೆಯಿಂದ ತೆಗೆದ ಯಂತ್ರವನ್ನು ಬಳಸುವ ಸ್ಥಳದಲ್ಲಿಯೇ ಪ್ರಮಾಣಿತ ಬಟ್ಟುಗಳಿಂದ ಸರಿಹೊಂದಿಸಬೇಕು.

ನೆಲ ಗಟ್ಟಿಯಾಗಿ ಸಮತಟ್ಟಾಗಿರಬೇಕು. ಯಂತ್ರದ ಮೂಲೆಯಲ್ಲಿರುವ ಸಣ್ಣ ಗಾಜಿನ ನೀರುಮಟ್ಟದ ಗುಳ್ಳೆ ವೃತ್ತದ ನಡುವೆ ನಿಂತಿರಬೇಕು. ಫ್ಯಾನಿನ ಗಾಳಿ ತಟ್ಟೆಗೆ ನೇರವಾಗಿ ಬಡಿಯಬಾರದು. ಲಾರಿಗಳನ್ನು ತೂಗುವ ವೇ-ಬ್ರಿಜ್‌ನ ಅಡಿಯಲ್ಲಿ ಮಣ್ಣು, ಕಲ್ಲು, ಮಳೆನೀರು ಸಿಕ್ಕಿಕೊಂಡಿರಬಾರದು. ಕಾಂಟಾದ ಅಂಕಿ ಕೊಳ್ಳುವವನಿಗೂ ಮಾರುವವನಿಗೂ ಕಾಣುವಂತೆ ಇರಬೇಕು.

ಫಲಕದ ಮೇಲಿನ ಮೂರು ಅಂಕಿಗಳು

ಪ್ರತಿ ಕಾಂಟಾದ ಮೇಲೆ ಒಂದು ಸಣ್ಣ ಫಲಕವಿರುತ್ತದೆ. ಅದರಲ್ಲಿ ‘ಮ್ಯಾಕ್ಸ್’, ‘ಮಿನ್’ ಮತ್ತು ‘ಇ’ ಎಂಬ ಮೂರು ಅಂಕಿಗಳನ್ನು ಬರೆದಿರುತ್ತಾರೆ. ಮೊದಲನೆಯದು ಯಂತ್ರ ತೂಗಬಲ್ಲ ಗರಿಷ್ಠ ಭಾರ, ಎರಡನೆಯದು ಕನಿಷ್ಠ ಭಾರ, ಮೂರನೆಯದು ಪರಿಶೀಲನೆಗೆ ಆಧಾರವಾದ ಅಂತರ. ಕಿರಾಣಿ ಅಂಗಡಿಯಲ್ಲಿ ಸಾಮಾನ್ಯವಾಗಿ ಕಾಣುವ ಮೂರನೆಯ ವರ್ಗದ ಕಾಂಟಾ 30 ಕಿಲೋ ತೂಗುವಂಥದ್ದಾಗಿ, ‘ಇ’ 5 ಗ್ರಾಂ ಆಗಿದ್ದರೆ, ಅದರ ಕನಿಷ್ಠ ಭಾರ 100 ಗ್ರಾಂ. ಅಂದರೆ 25 ಗ್ರಾಂ ಏಲಕ್ಕಿಯನ್ನೋ 50 ಗ್ರಾಂ ಗೋಡಂಬಿಯನ್ನೋ ಅದರ ಮೇಲೆ ತೂಗಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಬಂಗಾರದ ಅಂಗಡಿಗೆ ಇದಕ್ಕಿಂತ ಸೂಕ್ಷ್ಮವಾದ ವರ್ಗದ ಕಾಂಟಾ ಬೇಕಾಗುವುದೂ ಇದೇ ಕಾರಣಕ್ಕೆ.

ಯಾವ ಯಂತ್ರವೂ ಸಂಪೂರ್ಣ ನಿಖರವಲ್ಲ. ಕಾನೂನು ಅದನ್ನು ಒಪ್ಪಿ ಒಂದು ಮಿತಿಯನ್ನು ಹಾಕಿದೆ. ಮೇಲೆ ಹೇಳಿದ ಕಿರಾಣಿ ಕಾಂಟಾದಲ್ಲಿ 2 ಕಿಲೋ ಇಟ್ಟಾಗ ಪರಿಶೀಲನೆಯ ವೇಳೆ ಎರಡೂವರೆ ಗ್ರಾಮಿಗಿಂತ, 10 ಕಿಲೋ ಇಟ್ಟಾಗ 5 ಗ್ರಾಮಿಗಿಂತ ಹೆಚ್ಚು ತಪ್ಪು ಇರುವಂತಿಲ್ಲ. ಮೊಂಢಾದಲ್ಲಿ 100 ಕಿಲೋ ತೂಗುವ, ‘ಇ’ 20 ಗ್ರಾಂ ಇರುವ ಕಾಂಟಾದಲ್ಲಿ 50 ಕಿಲೋ ಚೀಲಕ್ಕೆ ಈ ಮಿತಿ 30 ಗ್ರಾಂ. ಬಳಕೆಯಲ್ಲಿರುವಾಗ ತಪಾಸಣೆ ಮಾಡಿದರೆ ಇದರ ಎರಡರಷ್ಟು, ಅಂದರೆ 60 ಗ್ರಾಂ.

ಈ ಲೆಕ್ಕ ತಿಳಿದಿದ್ದರೆ ದೂರು ಎಲ್ಲಿ ನ್ಯಾಯವೆಂಬುದು ಗೊತ್ತಾಗುತ್ತದೆ. ಚೀಲಕ್ಕೆ 200 ಗ್ರಾಂ ಕಡಿಮೆ ತೋರುವ ಕಾಂಟಾ ಯಾವ ಮಿತಿಗೂ ಒಳಪಡುವುದಿಲ್ಲ. 40 ಕ್ವಿಂಟಲ್ ಸೋಯಾಬೀನ್ ತಂದ ಕುಟುಂಬಕ್ಕೆ 80 ಚೀಲಗಳಲ್ಲಿ ಆಗುವ ನಷ್ಟ 16 ಕಿಲೋ. 2024–25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿಯಂತೆ ಅದು ಸುಮಾರು 780 ರೂಪಾಯಿ. ಒಂದು ಮನೆಗೆ ಅದು ಮಗುವಿನ ನೋಟುಪುಸ್ತಕಗಳ ಖರ್ಚು. ಅದೇ ಕಾಂಟಾದ ಮೇಲೆ ಹಂಗಾಮಿನಲ್ಲಿ ಹತ್ತು ಸಾವಿರ ಚೀಲ ಹಾದುಹೋದರೆ ಅದು 20 ಕ್ವಿಂಟಲ್ ಆಗುತ್ತದೆ.

ಚೀಲದ ತೂಕವನ್ನೂ ಗಮನಿಸಬೇಕು. ಗೋಣಿಚೀಲ ಸುಮಾರು ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತದೆ. ಪ್ಲಾಸ್ಟಿಕ್ ನೂಲಿನ ಚೀಲ ನೂರು ಗ್ರಾಂ ಆಸುಪಾಸಿನದು. ಎರಡಕ್ಕೂ ಒಂದೇ ಕಡಿತ ಹಾಕಿದರೆ ಕಾಂಟಾ ಸರಿಯಿದ್ದರೂ ಪಟ್ಟಿಯಲ್ಲಿ ಬರುವ ತೂಕ ತಪ್ಪಾಗುತ್ತದೆ. ಖಾಲಿ ಚೀಲವನ್ನು ಅದೇ ಕಾಂಟಾದ ಮೇಲಿಟ್ಟು ತೋರಿಸಲು ಕೇಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ರಿಪೇರಿ ಮತ್ತು ಒಡೆದ ಸೀಲು

ಸಂತೆಯಲ್ಲಿ ಇಂದಿಗೂ ಕಾಣುವ ಷಟ್ಕೋನದ ಎರಕದ ಕಬ್ಬಿಣದ ಬಟ್ಟಿನಲ್ಲಿ ಒಂದು ರಂಧ್ರವಿದ್ದು, ಅದನ್ನು ಸೀಸದಿಂದ ತುಂಬಿರುತ್ತಾರೆ. ತೂಕವನ್ನು ಸರಿಪಡಿಸುವುದು ಆ ಸೀಸದಿಂದಲೇ. ಸೀಸವನ್ನು ಕೆರೆದು ತೆಗೆದರೆ ಬಟ್ಟು ಹಗುರವಾಗುತ್ತದೆ. ಆದುದರಿಂದಲೇ ನಿರೀಕ್ಷಕರ ಮುದ್ರೆಯನ್ನು ಆ ಸೀಸದ ಮೇಲೆಯೇ ಒತ್ತುತ್ತಾರೆ. ಮುದ್ರೆಯನ್ನು ಕೆಡಿಸದೆ ಸೀಸವನ್ನು ಮುಟ್ಟಲಾಗುವುದಿಲ್ಲ. ಇಲೆಕ್ಟ್ರಾನಿಕ್ ಕಾಂಟಾದಲ್ಲಿ ಒಳಗಿನ ಹೊಂದಾಣಿಕೆಯ ಭಾಗಕ್ಕೆ ಹೋಗುವ ದಾರಿಯನ್ನು ತಂತಿ ಮತ್ತು ಸೀಸದ ಸೀಲಿನಿಂದ ಮುಚ್ಚುತ್ತಾರೆ. ಉದ್ದೇಶ ಎರಡರಲ್ಲಿಯೂ ಒಂದೇ.

ಕಾಯ್ದೆಯ 23ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಯಾರೂ ತೂಕದ ಸಾಧನವನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ದುರಸ್ತಿಯನ್ನೂ ಮಾಡುವಂತಿಲ್ಲ. ಪರವಾನಗಿ ಕೊಡುವವರು ಆಯಾ ರಾಜ್ಯದ ನಿಯಂತ್ರಕರು. ಆದ್ದರಿಂದ ಬೀದರದಿಂದಲೋ ಕಲಬುರಗಿಯಿಂದಲೋ ಪರಿಚಯದ ಕುಶಲಕರ್ಮಿಯನ್ನು ಕರೆಸಿ ಉಮರ್ಗಾದ ಅಂಗಡಿಯ ಕಾಂಟಾ ಬಿಚ್ಚಿಸುವ ಮೊದಲು, ಅವನಿಗೆ ಮಹಾರಾಷ್ಟ್ರದ ಪರವಾನಗಿ ಇದೆಯೇ ಎಂದು ವ್ಯಾಪಾರಿ ಕೇಳಬೇಕು. ದುರಸ್ತಿಗಾಗಿ ಸೀಲು ಒಡೆದಲ್ಲಿ ಆ ಕಾಂಟಾವನ್ನು ಮರುಪರಿಶೀಲನೆ ಮಾಡಿಸಿ ಹೊಸ ಮುದ್ರೆ ಪಡೆದ ನಂತರವೇ ವ್ಯಾಪಾರಕ್ಕೆ ಬಳಸಬೇಕು. ರಿಪೇರಿಯವನ ಬಿಲ್ಲು ಮುದ್ರೆಗೆ ಸಮವಲ್ಲ. ಪ್ರಾಮಾಣಿಕ ವ್ಯಾಪಾರಿಗಳೂ ಎಡವುವುದು ಇಲ್ಲಿಯೇ: ಹಂಗಾಮಿನ ನಡುವೆ ಕಾಂಟಾ ಕೆಡುತ್ತದೆ, ಸಂಜೆಗೆ ರಿಪೇರಿಯಾಗುತ್ತದೆ, ಮರುದಿನ ಬೆಳಿಗ್ಗೆ ಅದೇ ಕಾಂಟಾ ಸೀಲಿಲ್ಲದೆ ಕೆಲಸಕ್ಕೆ ನಿಲ್ಲುತ್ತದೆ.

ಈ ಕಸುಬಿನಲ್ಲಿ ನಮ್ಮ ಮಕ್ಕಳಿಗೊಂದು ದಾರಿಯೂ ಇದೆ. ಸನ್ನೆಗೋಲಿನ ನಿಯಮ, ವಿದ್ಯುತ್ ರೋಧ, ದಶಮಾಂಶದ ಲೆಕ್ಕ ಇವು ಪ್ರೌಢಶಾಲೆಯ ವಿಜ್ಞಾನ, ಗಣಿತಗಳಲ್ಲಿಯೇ ಬರುತ್ತವೆ. ಕನ್ನಡದಲ್ಲಿ ಕಲಿತು, ಮರಾಠಿಯಲ್ಲಿ ವ್ಯವಹರಿಸಬಲ್ಲ ಹುಡುಗ ಹುಡುಗಿಯರು ಪರವಾನಗಿ ಪಡೆದ ಸಂಸ್ಥೆಯಲ್ಲಿ ಕೆಲಸ ಕಲಿತರೆ ಗಡಿಯ ಪೇಟೆಗಳಲ್ಲಿ ಅವರಿಗೆ ಕೆಲಸಕ್ಕೆ ಕೊರತೆಯಾಗದು.

ಮುದ್ರೆಯನ್ನು ಓದುವ ಬಗೆ

ಪರಿಶೀಲನೆಗೆ ಬಂದ ಅಧಿಕಾರಿ ಖಾಲಿ ತಟ್ಟೆಯಲ್ಲಿ ಸೊನ್ನೆ ಬರುವುದನ್ನು ನೋಡುತ್ತಾನೆ. ಬಟ್ಟುಗಳನ್ನು ಒಂದೊಂದಾಗಿ ಏರಿಸಿ ಇಳಿಸುತ್ತಾನೆ. ಒಂದೇ ಬಟ್ಟನ್ನು ತಟ್ಟೆಯ ನಡುವೆಯೂ ನಾಲ್ಕು ಮೂಲೆಗಳಲ್ಲಿಯೂ ಇಟ್ಟು ಹೋಲಿಸುತ್ತಾನೆ. ಒಂದೇ ಭಾರ ಮತ್ತೆ ಮತ್ತೆ ಒಂದೇ ಅಂಕಿ ತೋರಿಸುವುದೇ ಎಂದು ಪರೀಕ್ಷಿಸುತ್ತಾನೆ. ಸರಿಯಿದ್ದರೆ ಮುದ್ರೆ ಒತ್ತುತ್ತಾನೆ. ಮುದ್ರೆಯಲ್ಲಿ ವರ್ಷದ ಕೊನೆಯ ಎರಡು ಅಂಕಿಗಳೂ, ವರ್ಷದ ನಾಲ್ಕು ತ್ರೈಮಾಸಿಕಗಳಲ್ಲಿ ಯಾವುದೆಂದು ಸೂಚಿಸುವ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದೂ ಇರುತ್ತವೆ.

2011ರ ಸಾಮಾನ್ಯ ನಿಯಮಗಳಂತೆ ಬಟ್ಟುಗಳು, ಪಾತ್ರೆಯ ಅಳತೆಗಳು, ಮೀಟರು ಕೋಲು, ಎರಡು ತಟ್ಟೆಯ ತಕ್ಕಡಿ ಇವುಗಳಿಗೆ 24 ತಿಂಗಳಿಗೊಮ್ಮೆ ಮರುಪರಿಶೀಲನೆ ಆಗಬೇಕು. ಇಲೆಕ್ಟ್ರಾನಿಕ್ ಕಾಂಟಾ, ವೇ-ಬ್ರಿಜ್, ಪೆಟ್ರೋಲ್ ಪಂಪುಗಳಿಗೆ 12 ತಿಂಗಳಿಗೊಮ್ಮೆ. ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಕಾಂಟಾದ ಸಾಮರ್ಥ್ಯದ ಹತ್ತರಲ್ಲಿ ಒಂದು ಭಾಗದಷ್ಟು, ಅಥವಾ ಒಂದು ಟನ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮುದ್ರಿತ ಬಟ್ಟುಗಳನ್ನು ಸ್ಥಳದಲ್ಲಿಯೇ ಇಟ್ಟಿರಬೇಕು. ಸಂದೇಹ ಬಂದಾಗ ಆ ಬಟ್ಟನ್ನು ಕಾಂಟಾದ ಮೇಲಿಡುವಂತೆ ಕೇಳುವುದೇ ಅತ್ಯಂತ ಸರಳವಾದ ಪರೀಕ್ಷೆ. ಜಗಳದ ಅಗತ್ಯವಿಲ್ಲ, ಮುದ್ರಿತ ಬಟ್ಟು ಎಲ್ಲಿದೆ ಎಂಬ ಒಂದು ಪ್ರಶ್ನೆ ಸಾಕು.

ಯಾರು ಎಲ್ಲಿಗೆ ಹೋಗಬೇಕು

ಇಲ್ಲಿ ಕಾನೂನಿನ ಒಂದು ಭೇದವನ್ನು ತಿಳಿಯುವುದು ಅವಶ್ಯ. ಮುದ್ರೆಯ ಅವಧಿ ಮುಗಿದ ಕಾಂಟಾವನ್ನು ಬಳಸುವುದು 33ನೆಯ ಕಲಮಿನ ಅಪರಾಧ. ತೂಕದಲ್ಲಿ ಮೋಸ ಮಾಡುವುದು 30ನೆಯ ಕಲಮಿನ ಅಪರಾಧ. ಮುದ್ರೆ ಮಾಡಿಸಲು ತಡಮಾಡಿದ ತರಕಾರಿ ಮಾರುವ ಹೆಂಗಸಿನ ತಕ್ಕಡಿ ಸರಿಯಾಗಿಯೇ ತೂಗುತ್ತಿರಬಹುದು. ಅವಳನ್ನು ಕಳ್ಳಿಯೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ಗೋಡೆಯ ಮೇಲೆ ಹೊಸ ಪ್ರಮಾಣಪತ್ರ ತೂಗುತ್ತಿದ್ದ ಮಾತ್ರಕ್ಕೆ ಕಡಿಮೆ ತೂಗುವುದು ಅಪರಾಧವಲ್ಲ ಎಂದಾಗುವುದಿಲ್ಲ.

30ನೆಯ ಕಲಮು ಮಾರುವವನಿಗೆ ಮಾತ್ರ ಅನ್ವಯಿಸುತ್ತದೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮಾರುವಾಗ ಒಪ್ಪಿದ್ದಕ್ಕಿಂತ ಕಡಿಮೆ ಕೊಡುವುದು ಹೇಗೋ, ಕೊಳ್ಳುವಾಗ ಹಣ ಕೊಟ್ಟದ್ದಕ್ಕಿಂತ ಹೆಚ್ಚು ಸರಕನ್ನು ಮೋಸದಿಂದ ಪಡೆಯುವುದೂ ಹಾಗೆಯೇ ಅಪರಾಧ. ಮೊಂಢಾದಲ್ಲಿ ರೈತನ ರಕ್ಷಣೆಗೆ ಇರುವುದು ಈ ಎರಡನೆಯ ಭಾಗ.

ಕಿರಾಣಿ, ಪಡಿತರ, ಪೆಟ್ರೋಲ್ ಕೊಂಡ ಕುಟುಂಬವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ತನ್ನ ಬೆಳೆಯನ್ನು ಮಾರಿದ ರೈತನು ಆ ವ್ಯವಹಾರದಲ್ಲಿ ಮಾರಾಟಗಾರ, ಗ್ರಾಹಕನಲ್ಲ. ಆ ಬಾಗಿಲು ಅವನಿಗೆ ಸಾಮಾನ್ಯವಾಗಿ ತೆರೆಯುವುದಿಲ್ಲ. ಶುಲ್ಕ ಕೊಟ್ಟು ವೇ-ಬ್ರಿಜ್‌ನಲ್ಲಿ ತೂಗಿಸಿದ್ದರೆ ಅದು ಸೇವೆಯೆಂದು ವಾದಿಸಲು ಅವಕಾಶವಿದೆ. ಉಳಿದಂತೆ ಅವನು ಹೋಗಬೇಕಾದುದು ಎರಡು ಕಡೆಗೆ: ವೈಧ ಮಾಪನ ಶಾಸ್ತ್ರದ ನಿರೀಕ್ಷಕರ ಬಳಿಗೆ ಮತ್ತು 1963ರ ಮಹಾರಾಷ್ಟ್ರ ಕೃಷಿ ಉತ್ಪನ್ನ ಮಾರಾಟ ಕಾಯ್ದೆಯಡಿ ಅಡತಿ, ತೋಲಾರರಿಗೆ ಪರವಾನಗಿ ಕೊಡುವ ಬಾಜಾರ ಸಮಿತಿಗೆ. ನಿರೀಕ್ಷಕರು ಪ್ರಕರಣವನ್ನು ರಾಜಿಯಲ್ಲಿ ಮುಗಿಸಿದರೆ ಆ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ, ರೈತನಿಗಲ್ಲ. ತನ್ನ ನಷ್ಟ ತುಂಬಿಕೊಳ್ಳಬೇಕಾದರೆ ಅವನು ತೂಕದ ಚೀಟಿ, ಹಿಸಾಬ ಪಟ್ಟಿ, ಕಾಂಟಾದ ಅಂಕಿಯ ಚಿತ್ರ, ದಿನಾಂಕ, ವೇಳೆ ಇವುಗಳನ್ನು ಜೋಪಾನವಾಗಿಟ್ಟು ಸಮಿತಿಗೆ ಲಿಖಿತ ದೂರು ಕೊಡಬೇಕು. ಸರಕು ಅಲ್ಲಿಂದ ಸಾಗಿಹೋಗುವ ಮೊದಲೇ ದೂರು ಕೊಡುವುದು ಒಳ್ಳೆಯದು. ಚೀಲಗಳೆಲ್ಲ ಬೆರೆತ ಮೇಲೆ ತೂಕವನ್ನು ಸಾಬೀತುಪಡಿಸುವುದು ತಕ್ಕಡಿಯಲ್ಲಿ ಕಪ್ಪೆ ತೂಗಿದಂತೆ.

ಭಾಷೆಯ ಅಳುಕಿನಿಂದ ಹಿಂಜರಿಯುವವರಿಗೆ ಒಂದು ಅನುಕೂಲವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಮರಾಠಿಯಂತೆ ಕನ್ನಡದಲ್ಲಿಯೂ ದೂರು ಕೇಳುತ್ತದೆ. ಮಹಾರಾಷ್ಟ್ರದಲ್ಲಿ ಕುಳಿತು ಕನ್ನಡದಲ್ಲಿ ದೂರು ಹೇಳಲು ತೊಡಕಿಲ್ಲ.

ಕನ್ನಡ ಶಾಲೆಯ ಮಗುವಿಗೆ ಗಡಿನಾಡಿನಲ್ಲಿ ಎರಡು ಲಿಪಿಗಳು ಬರುತ್ತವೆ. ಅಜ್ಜಿಯೊಡನೆ ಸಂತೆಗೆ, ಅಪ್ಪನೊಡನೆ ಮೊಂಢಾಕ್ಕೆ ಹೋದಾಗ ಗೋಡೆಯ ಮೇಲಿನ ಪ್ರಮಾಣಪತ್ರದ ದಿನಾಂಕವನ್ನು ಓದಿ ಹೇಳುವ ಕೆಲಸವನ್ನು ಆ ಮಗುವಿಗೆ ಕೊಡಬಹುದು. ಸೊನ್ನೆ ಇದೆಯೇ, ಗುಳ್ಳೆ ನಡುವಿನಲ್ಲಿದೆಯೇ, ಸೀಲು ಇದೆಯೇ, ವರ್ಷ ಯಾವುದು: ನಾಲ್ಕನೆಯ ತರಗತಿಯ ಮಗು ಈ ನಾಲ್ಕನ್ನು ನೋಡಿ ಹೇಳಬಲ್ಲುದು. ಬರುವ ಹಂಗಾಮಿನ ಮೊದಲ ಚೀಲ ಕಾಂಟಾದ ಮೇಲೆ ಏರುವ ಮುನ್ನ ಇಷ್ಟನ್ನು ನೋಡಿಕೊಂಡರೆ, ಕೂಗಿದ ಅಂಕಿಯನ್ನು ಕುಟುಂಬವು ನಂಬಿಕೆಯಿಂದ ಬರೆದುಕೊಳ್ಳಬಹುದು.